ಹೊಲಿಗೆ ಬಿದ್ದ ಪಾಸ್‌ಪೋರ್ಟ್

“ಹೌದಮ್ಮ, ನಾನೇ ಹೊಲಿದಿದ್ದು. ಇನ್ಯಾರ ಕೈಗೂ ಕೊಟ್ಟಿಲ್ಲ. ಮಗಳ ಮನೆಗೆ ಬಂದ ಮೇಲೆ ಒಂದಿನ ಚೀಲ ಒಗೆಯೋಣ ಅಂತ ಒಳಗಿದ್ದದ್ದೆಲ್ಲ ಹೊರಗೆ ಹಾಕಿದೆ. ನೋಡ್ತೀನಿ, ಈ ಪಾಸ್‌ಪೋರ್ಟಿನ ನಡುವಿನ ದಾರ ಸಡಿಲ ಬಿದ್ದು ಹಾಳೆಗಳು ಜೋತಾಡ್ತಾ ಇವೆ. ಹಾಗೇ ಬಿಟ್ಟಿದ್ರೆ ಒಂದೊಂದಾಗಿ ಉದುರಿ ಹೋಗೋವು. ಬಿಚ್ಚಿಹೋಗಿದ್ದು ಕಣ್ಣಿಗೆ ಬಿದ್ರೆ ನನ್ನ ಕೈ ಸುಮ್ನಿರಲ್ಲ, ಏನ್ ಮಾಡ್ಲಿ. ದಾರಕ್ಕೆ ಮೇಣ ಸವರಿ, ಮೊದಲಿದ್ದ ತೂತಲ್ಲೇ ಸೂಜಿ ಹಾಯಿಸಿ, ಬಿಗಿಯಾಗಿ ಎಳೆದು, ಗಂಟನ್ನ ಒಳಗಡೆ ಮುಚ್ಚಿದೆ. ಸರ್ಕಾರದ ಪುಸ್ತಕಕ್ಕೆ ಸೂಜಿ ತಾಗಿಸಬಾರದು ಅಂತ ನನಗೆ ಗೊತ್ತಿರಲಿಲ್ಲ. ತಪ್ಪಾಗಿದ್ರೆ ಅದು ನಂದೇ. ಆದ್ರೆ ಯಾರೋ ಕಳ್ಳರು ಮಾಡಿದ ಕೆಲಸ ಅನ್ಕೋಬೇಡಿ.”

ಗಾಜಿನ ಕಿಟಕಿಯಾಚೆ ಕೂತಿದ್ದ ವೀಸಾ ಅಧಿಕಾರಿಣಿಗೆ ಇದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಆಕೆ ಮಗಳ ಮುಖ ನೋಡಿದಳು. ಆಕೆಯ ಭಾಷೆಗೆ ತಿರುಗಿಸಿ ಹೇಳಬೇಕಾದವಳು ಮಗಳೇ. ಈಗಷ್ಟೇ ಅಮ್ಮನ ಕಿವಿಯಲ್ಲಿ, “ಗೊತ್ತಿಲ್ಲ ಅಂದುಬಿಡಮ್ಮ, ಕೊಟ್ಟಾಗಲೇ ಹೀಗಿತ್ತು ಅನ್ನು,” ಎಂದು ಪಿಸುಗುಟ್ಟಿದ್ದಳು. ಅಮ್ಮ ಕೇಳಿಸಿಕೊಂಡೂ ತನ್ನ ಮಾತನ್ನೇ ಆಡಿ ಮುಗಿಸಿದ್ದಳು.

ಊರಲ್ಲಿ ಬೀದಿಯವರೆಲ್ಲ ಅಮ್ಮನನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದದ್ದು. ಮುಂಬಾಗಿಲ ಪಕ್ಕದ ಕಿರುಕೋಣೆ, ಕಾಲಲ್ಲಿ ತುಳಿಯುವ ಮಿಷನ್ನು, ಗೋಡೆಯ ಮೊಳೆಗೆ ತೂಗುಬಿಟ್ಟ ಅಳತೆ ಪಟ್ಟಿ, ಅವಳ ರಾಜ್ಯವೆಲ್ಲ ಅಷ್ಟೇ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೆವಳುವ ಕೂಸು. ಅವನನ್ನು ಮಿಷನ್ನಿನ ಬುಡದಲ್ಲಿ ಚೂರುಬಟ್ಟೆಯ ಮೇಲೆ ಮಲಗಿಸಿಕೊಂಡೇ ಹೊಲಿದಳು, ಸಾಕಿದಳು, ದೊಡ್ಡವನನ್ನಾಗಿ ಮಾಡಿದಳು. ಮೀಸೆ ಮೂಡುವ ಹೊತ್ತಿಗೆ ಅವನು ಹೊರದೇಶದ ದಾರಿ ಹಿಡಿದ. ಬ್ರೆಡ್ಡಿನ ಕಾರ್ಖಾನೆಯೊಂದರಲ್ಲಿ ವ್ಯಾನು ಓಡಿಸುತ್ತ ಅಲ್ಲೇ ಬೇರುಬಿಟ್ಟ. ಅಂದಿನಿಂದ ಅಕ್ಕ ತಮ್ಮ ಮುಖ ಕಂಡಿದ್ದು ಫೋನಿನಲ್ಲೇ.

ಮಗಳು ನರ್ಸಾಗಿ ಬೇರೊಂದು ದೇಶ ಸೇರಿ, ಅಮ್ಮನನ್ನು ಒಂದೆರಡು ತಿಂಗಳು ಇದ್ದು ಹೋಗೆಂದು ಕರೆಸಿಕೊಂಡಾಗ ತಮ್ಮ ಫೋನು ಮಾಡಿದ. ಅವನಿರುವ ದೇಶ ಪಕ್ಕದ್ದೇ, ರೈಲು ಹತ್ತಿದರೆ ಅರ್ಧ ದಿನದ ದಾರಿ. ಅವನ ವಾಸದ ಕಾಗದಗಳು ನವೀಕರಣಕ್ಕೆ ಹೋಗಿದ್ದರಿಂದ ಗಡಿ ದಾಟಿ ಬರುವಂತಿರಲಿಲ್ಲ. ನೀನೇ ಬಾ ಅಕ್ಕ ಎಂದ. ಅಕ್ಕನಿಗೆ ನಿದ್ದೆ ಹಾರಿಹೋಯಿತು. ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹಿಂತಿರುಗುವುದು ಹೇಗೆ?

ಆದರೆ ಇದ್ದ ದೇಶವೂ ಅವಳದಲ್ಲ, ಹೋಗಬೇಕಾದ ದೇಶವೂ ಅವಳದಲ್ಲ. ಪ್ರವಾಸಕ್ಕೆಂದು ಬಂದವಳು ಇಲ್ಲಿಂದಲೇ ಇನ್ನೊಂದು ಪ್ರವಾಸದ ವೀಸಾ ಕೇಳಬೇಕು. ನಿಮ್ಮೂರಿನಿಂದಲೇ ಯಾಕೆ ಅರ್ಜಿ ಹಾಕಲಿಲ್ಲ ಎಂಬ ಪ್ರಶ್ನೆ ಮೊದಲು ಬಂತು. ಇಲ್ಲಿರಲು ಅನುಮತಿಯಿದೆಯೇ, ಊರಿಗೆ ವಾಪಸ್ ಟಿಕೆಟ್ ಇದೆಯೇ, ಕರೆದವರು ಯಾರು, ಹೀಗೆ ಒಂದರ ಹಿಂದೊಂದು. ಮಗಳು ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಎಲ್ಲ ಕಾಗದಗಳನ್ನೂ ಜೋಡಿಸಿದಳು. ಎಲ್ಲ ಸರಿಯಿತ್ತು. ಕೊನೆಗೆ ಇವತ್ತು ತಮ್ಮನ ದೇಶದ ವೀಸಾ ಕಚೇರಿಯ ಈ ಕಿಟಕಿಯಲ್ಲಿ ಅಧಿಕಾರಿಣಿ ಪಾಸ್‌ಪೋರ್ಟನ್ನು ಅಗಲಿಸಿದಳು, ನಡುವೆ ಹೊಸ ದಾರ ಕಂಡಿತು. ಆಕೆಯ ಹುಬ್ಬು ಮೇಲೇರಿತು. ಹಾಳೆ ಬದಲಿಸಿದವರು ಮಾಡುವ ಕೆಲಸ ಇದು ಎಂದಳು.

ಅದಕ್ಕೆ ಅಮ್ಮ ತನ್ನ ಉತ್ತರ ಕೊಟ್ಟಾಗಿತ್ತು. ಈಗ ಮಾತು ಮಗಳ ಬಾಯಲ್ಲಿತ್ತು. ಅವಳು ಏನು ಹೇಳಿದರೂ ಅಮ್ಮನಿಗೆ ತಿಳಿಯುವುದಿಲ್ಲ. ಆ ಕಡೆಯವಳಿಗೆ ಅಮ್ಮ ಆಡಿದ್ದು ತಿಳಿಯುವುದಿಲ್ಲ. ಒಂದು ಸಣ್ಣ ಸುಳ್ಳು, ಕೆಲಸ ಸಲೀಸಾಗಬಹುದು. ಅವಳು ಅಮ್ಮನ ಕಡೆ ತಿರುಗಿದಳು. ಬೇಡಿಕೊಳ್ಳುವವರ ಹಾಗೆ ಕುಗ್ಗಿರಲಿಲ್ಲ ಅಮ್ಮ. ಹೊಲಿದ ಅಂಗಿ ಗಿರಾಕಿಗೆ ಸರಿಹೊಂದಿತೇ ಎಂದು ನೋಡುವಾಗ ನಿಲ್ಲುತ್ತಾಳಲ್ಲ, ಹಾಗೆ ನೆಟ್ಟಗೆ ನಿಂತಿದ್ದಳು. ಮಗಳು ಒಂದು ಮಾತೂ ಬಿಡದೆ ಹೇಳಿದಳು. ಮೇಣವನ್ನೂ ಬಿಡಲಿಲ್ಲ, ಒಳಗಡೆ ಮುಚ್ಚಿದ ಗಂಟನ್ನೂ ಬಿಡಲಿಲ್ಲ. ಕೊನೆಗೆ ತನ್ನದೂ ಒಂದು ಮಾತು ಸೇರಿಸಿದಳು: “ನಮ್ಮಮ್ಮ ದರ್ಜಿ. ನನ್ನನ್ನ ಓದಿಸಿದ್ದು ಇದೇ ಸೂಜಿ.”

ಅಧಿಕಾರಿಣಿ ಪುಸ್ತಕ ಹಿಡಿದು ಒಳಗೆ ಹೋದಳು. ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತರು. ಮಗಳು ಎದ್ದು ನೀರು ಕುಡಿದು ಬಂದಳು, ಮತ್ತೆ ಎದ್ದಳು. ಅಮ್ಮ ಮಾತ್ರ ಎದುರಿನ ಹೆಂಗಸಿನ ಕೋಟಿನ ತೋಳು ಒಂದು ಬೆರಳು ಉದ್ದವಾಯಿತು ಎಂದು ಗೊಣಗಿದಳು.

ಹೊರಬಂದ ಅಧಿಕಾರಿಣಿಯ ದನಿ ಬದಲಾಗಿತ್ತು. ಹಾಳೆಗಳನ್ನೆಲ್ಲ ಯಂತ್ರದಲ್ಲಿಟ್ಟು ನೋಡಿದರಂತೆ, ಒಂದೂ ಬದಲಾಗಿಲ್ಲ. ಗೊತ್ತಿಲ್ಲ ಅಂದಿದ್ದರೆ ಅರ್ಜಿಯನ್ನು ಅಲ್ಲಿಗೇ ಮುಚ್ಚುತ್ತಿದ್ದರಂತೆ. ಆದರೂ ಹೊಲಿಗೆ ಬಿದ್ದ ಪುಸ್ತಕಕ್ಕೆ ವೀಸಾ ಅಂಟಿಸುವಂತಿಲ್ಲ. ಇದೇ ಪಟ್ಟಣದಲ್ಲಿ ನಿಮ್ಮ ದೇಶದ ರಾಯಭಾರ ಕಚೇರಿ ಇದೆ, ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬನ್ನಿ, ಅರ್ಜಿ ತೆಗೆದಿಟ್ಟಿರುತ್ತೇನೆ ಎಂದಳು.

ಆ ಕಚೇರಿಯಲ್ಲಿ ಪುಸ್ತಕ ಹೇಗೆ ಹಾಳಾಯಿತೆಂದು ಬರೆದುಕೊಡಿ ಎಂದರು. ಈ ಸಲ ಮಗಳು ಹಿಂದುಮುಂದು ನೋಡಲಿಲ್ಲ. ಬಿಚ್ಚಿತ್ತು, ನನ್ನ ತಾಯಿ ಹೊಲಿದರು ಎಂದು ಬರೆದಳು. ಗುಮಾಸ್ತ ಓದಿ ನಕ್ಕು, ಪಕ್ಕದವನಿಗೂ ತೋರಿಸಿದ. ಮಗಳಿಗೆ ಆ ನಗು ಮುಟ್ಟಲೇ ಇಲ್ಲ. ಅವಳು ತಲೆಯೆತ್ತಿಯೇ ನಿಂತಿದ್ದಳು.

ಹೊಸ ಪುಸ್ತಕ ಬಂದು ವೀಸಾ ಸಿಗುವ ಹೊತ್ತಿಗೆ, ಅಮ್ಮ ಊರಿಗೆ ಮರಳಲು ಉಳಿದದ್ದು ಎರಡೇ ದಿನ. ಅಷ್ಟೇ ಸಾಕೆಂದು ತಾಯಿ ಮಗಳು ರೈಲು ಹತ್ತಿದರು. ನಿಲ್ದಾಣದಲ್ಲಿ ತಲೆ ಬೆಳ್ಳಗಾದ ತಮ್ಮ ಕಾದಿದ್ದ. ಅಕ್ಕನ ಕೈ ಹಿಡಿದವನು ಬಹಳ ಹೊತ್ತು ಬಿಡಲಿಲ್ಲ. ಮೊದಲು ಆಡಿದ್ದು ಕುಚೋದ್ಯವೇ.

“ಪಾಸ್‌ಪೋರ್ಟಿಗೆ ಹೊಲಿಗೆ ಹಾಕಿದ್ಯಂತಲ್ಲಕ್ಕ, ಗುಂಡಿ ಯಾಕೆ ಇಡಲಿಲ್ಲ?”

“ನಿನ್ನ ಬಾಯಿಗೆ ಇಡೋಣ ಅಂತ ಉಳಿಸ್ಕೊಂಡಿದ್ದೀನಿ ಕಣೋ.”

ಮಗಳು ಮಾವನಿಗೆ ಕಿಟಕಿಯ ಮುಂದಿನ ಕತೆಯನ್ನು ದಾರಿಯುದ್ದಕ್ಕೂ ಹೇಳಿದಳು. ಮನೆ ಸೇರಿ ಊಟಕ್ಕೆ ಕೂತಾಗ ಇನ್ನೊಂದು ಸಲ ಹೇಳಿದಳು. ಮಾವ ಎರಡನೇ ಸಲವೂ ಹೊಸದಾಗಿ ಕೇಳುವವನಂತೆ ಕೇಳಿದ.

ಊಟವಾಯಿತು. ನೀನು ಕೂತಿರಕ್ಕ ಎಂದು ಅವನು ಎಷ್ಟು ಹೇಳಿದರೂ ಅವಳು ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತಳು. ತಳ ಹತ್ತಿದ ಪಾತ್ರೆಗೆ ನೀರು ಬಿಟ್ಟು ತಿಕ್ಕತೊಡಗಿದಳು. ಅವಳು ತೊಳೆದುಕೊಟ್ಟ ತಟ್ಟೆಗಳನ್ನು ತಮ್ಮ ಒಂದೊಂದಾಗಿ ಒರೆಸಿ ಮೇಲಿಟ್ಟ.