ಪಟ್ಟಲಮ್ಮನ ಚಪ್ಪಲಿ

ನಮ್ಮ ಪಾಸ್ಟರು ನಮ್ಮ ಸೋದರತ್ತೆ ಪಟ್ಟಲಮ್ಮನನ್ನು ಸಭೆಯವರೆಲ್ಲರ ಎದುರು ಬೈದದ್ದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅತ್ತೆ ನಮ್ಮೂರ ದೊಡ್ಡಮನೆಯಲ್ಲಿ ಮೂವತ್ತು ವರ್ಷ ಸಗಣಿ ಬಾಚಿದವಳು. ಅವಳಪ್ಪನ ಜೀತ ಅವಳ ತಲೆಗೆ ಬಂದಿತ್ತು. ಅದು ಕಳೆದ ಮೇಲೆ ದೀಕ್ಷಾಸ್ನಾನ ಮಾಡಿಸಿಕೊಂಡಳು. ಪಾಸ್ಟರು ಸಾರಾ ಅಂತ ಹೆಸರಿಡಲು ಹೋದರೆ, "ರೇಷನ್ ಕಾರ್ಡಲ್ಲಿ ಪಟ್ಟಲಮ್ಮ ಅಂತ ಅದೆ ಸ್ವಾಮಿ. ಮಳವಳ್ಳಿ ಆಫೀಸಿಗೆ ನೀವು ಅಲೀತೀರಾ?" ಅಂದಳು. ಹೆಸರು ಹಾಗೇ ಉಳಿಯಿತು.

ಈಸ್ಟರಿಗೆ ಮುಂಚಿನ ಗುರುವಾರ ಪಾಸ್ಟರು ಬೈಬಲಿನಿಂದ ಐಗುಪ್ತದ, ಅಂದರೆ ಈಜಿಪ್ಟಿನ, ಕಥೆ ಓದಿದರು. ಜೀತದಿಂದ ಹೊರಡುವ ಹೊತ್ತಿಗೆ ಇಸ್ರಾಯೇಲರು ನಡುಕಟ್ಟಿ, ಕಾಲಿಗೆ ಕೆರ ಮೆಟ್ಟಿಕೊಂಡು ಕುರಿ ತಿನ್ನಬೇಕೆಂದು ದೇವರ ಅಪ್ಪಣೆ. ನಮಗೆ ಚರ್ಚಿನೊಳಗೇ ಬಂಡೂರು ಕುರಿಯ ಸಾರು, ಮುದ್ದೆ. ಎಲೆ ಹಾಕುತ್ತಿದ್ದಂತೆ ಅತ್ತೆ ಎದ್ದು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಬಂದು ಪಂಕ್ತಿಯಲ್ಲಿ ಕೂತಳು.

"ಏನಮ್ಮ ಇದು, ದುರಹಂಕಾರ! ದೇವರ ಮನೆ ಇದು. ದೇವರು ಕಾಣಿಸಿಕೊಂಡ ಉರಿಯೋ ಪೊದೆ ಮುಂದೆ ಮೋಶೆನೇ ಕೆರ ಬಿಟ್ಟ!" ಪಾಸ್ಟರು ಕೂಗಿದರು.

"ಈಗ್ತಾನೆ ಮೆಟ್ಕಂಡು ಉಣ್ಣಿ ಅಂತ ಓದುದ್ರಲ್ಲ ಸ್ವಾಮಿ, ಒಂದು ಮಾತ್ನಲ್ಲಿ ನಿಂತ್ಕಳಿ."

ಜನ ನಕ್ಕರು. ಅತ್ತೆ ಚಪ್ಪಲಿ ಕಳಚಿದಳು. "ದೇವ್ರಿಗಾದ್ರೆ ಬುಡ್ತೀನಿ. ದೊಡ್ಡಮನೆ ಬಾಗ್ಲಿಗೆ ಇನ್ಮೇಲೆ ಬುಡಕಿಲ್ಲ."

ನಮ್ಮ ಕೇರಿಯವರು ಆ ಬಾಗಿಲ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಗೆ ತಗೊಳ್ಳುತ್ತೇವೆ. ಹಳೇ ಯಜಮಾನ ಸತ್ತು ಹತ್ತು ವರ್ಷ. ಮಗ ಶಶಿಧರ್ ಚಪ್ಪಲಿ ಬಿಡಿ ಅಂತ ಒಂದು ದಿನವೂ ಅಂದಿಲ್ಲ. ಆದರೂ ಸೊಂಟ ತಾನಾಗಿ ಬಗ್ಗುತ್ತದೆ.

ಮಾರನೇ ಬೆಳಿಗ್ಗೆ ಅತ್ತೆ ಆ ಬಾಗಿಲ ಮುಂದೆ ಚಪ್ಪಲಿ ಪಟಪಟ ಸದ್ದು ಮಾಡಿಕೊಂಡು ನಡೆದಳು. ಜಗಲಿಯಲ್ಲಿ ಫೋನು ನೋಡುತ್ತಿದ್ದ ಶಶಿಧರ್ ತಲೆಯೆತ್ತಿ, "ಏನ್ ಪಟ್ಟಲಮ್ಮ, ಎತ್ಲಾಗೆ?" ಅಂದ. ಅಷ್ಟೇ. ಐಗುಪ್ತದ ರಾಜ ಫರೋಹನ ರಥ ಅಟ್ಟಿಸಿಕೊಂಡು ಬರಲಿಲ್ಲ, ಸಮುದ್ರ ಸೀಳಲಿಲ್ಲ. ಹಿಂದೆ ಬರುತ್ತಿದ್ದ ನಾನು? ಸಣ್ಣ ಮಾತಿಗೂ ಕೈ ಎತ್ತುವವನು, ಚಪ್ಪಲಿ ಕಂಕುಳಲ್ಲಿ!

"ಲೇ ಮಹದೇವು, ಅಲ್ಲಿ ಯಾವ ಪೊದೆ ಉರೀತಿತ್ಲಾ?" ಅಂದಳು ಅತ್ತೆ.

ಸಂತೆಯಿಂದ ನನಗೆ ಹೊಸ ಚಪ್ಪಲಿ ತಂದಳು. "ಕಾಸು ಬ್ಯಾಡ ಕಣ್ಲಾ. ಮೆಟ್ಕಂಡು ಆ ಬಾಗ್ಲು ಮುಂದೆ ಒಂದ್ಸಲ ನಡಿ, ಸಾಲ ತೀರ್ತು."

ಸಮುದ್ರ ಸೀಳಿದ್ದೇ ದೊಡ್ಡ ಪವಾಡ ಅಂತ ಪಾಸ್ಟರು ವರ್ಷಾ ವರ್ಷಾ ಹೇಳುತ್ತಾರೆ. ಅದು ಒಂದು ರಾತ್ರಿಯ ಕೆಲಸ ಸ್ವಾಮಿ. ದಾಟಿ ಬಂದ ಮೇಲೂ ಆ ಜನ ಐಗುಪ್ತದ ಈರುಳ್ಳಿ, ಸೌತೆಕಾಯಿ ಅಂತ ಅತ್ತರಲ್ಲ, ಅದನ್ನು ಬಿಡಿಸೋದಕ್ಕೆ ನಲವತ್ತು ವರ್ಷ ಹಿಡಿಯಿತು; ದೇವರಿಗೇ ಸಾಕಾಯಿತು. ಆ ಜನರನ್ನು ಬೈಯಲು ನನಗೆ ಬಾಯಿಲ್ಲ.

ನಾನು ಬೈಕು ತಗೊಂಡೆ. ಚಪ್ಪಲಿ ಮೆಟ್ಟಿ ಬಾಗಿಲ ಮುಂದೆ ಜೋರಾಗಿ ಓಡಿಸಿದೆ. "ಗಾಡೀಲಿ ಹೋದ್ರೆ ಲೆಕ್ಕಕ್ಕಿಲ್ಲ, ಇಳ್ದು ನಡಿ," ಅಂದಳು ಅತ್ತೆ.

ಹೋದ ವರ್ಷ ಅವಳು ತೀರಿಕೊಂಡಳು. ಹೆಗಲು ಕೊಟ್ಟು ಆ ಬಾಗಿಲ ಮುಂದೆಯೇ ನಡೆದೆ. ಆದರೆ ನಮ್ಮಲ್ಲಿ ಹೆಣ ಹೊರುವವರು ಚಪ್ಪಲಿ ಮೆಟ್ಟುವ ಹಾಗಿಲ್ಲ. ಅದೂ ಲೆಕ್ಕಕ್ಕೆ ಬರಲಿಲ್ಲ.

ಸಾಲ ತೀರಿಲ್ಲ. ಚಪ್ಪಲಿಯೂ ಸವೆದಿಲ್ಲ.