ಕಣ್ಣು ಮುಚ್ಚಿ ಓದುತ್ತಿದ್ದವನು

ಅರವತ್ತರ ದಶಕದಲ್ಲಿ ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದಾಗ, ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಸಹಪಾಠಿ ಭದ್ರಾವತಿಯ ಜನ್ನಾಪುರದವನು. ಅವನು ಪುಸ್ತಕ ಹಿಡಿದದ್ದು ಕಡಿಮೆ. ಸಂಜೆ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು, "ನೀನು ಓದು ಮಾರಾಯ, ನಾನು ಕೇಳ್ತೀನಿ" ಎನ್ನುತ್ತಿದ್ದ. ನಾನು ಗಟ್ಟಿಯಾಗಿ ಓದಿದ ಪಾಠವನ್ನು ಮೊಣಕಾಲ ಮೇಲೆ ಬೆರಳಿನಿಂದ ಗೀಚುತ್ತಾ ತನ್ನ ಮಾತಿನಲ್ಲಿ ಹೇಳುತ್ತಿದ್ದ. ಮನಸ್ಸಿನಲ್ಲೇ ಓದಿ ಮರೆಯುತ್ತಿದ್ದ ನನಗೂ ಪಾಠ ನೆನಪಿನಲ್ಲಿ ನಿಲ್ಲತೊಡಗಿತು. ಅದು ಅವನ ಓದಿನ ಕ್ರಮವೆಂದೇ ತಿಳಿದಿದ್ದೆ.

ಕೊನೆಯ ವರ್ಷದ ಮೊದಲ ಪರೀಕ್ಷೆ ಇತಿಹಾಸದ್ದು; ಅವನು ನನ್ನ ಮುಂದಿನ ಬೆಂಚಿನಲ್ಲಿದ್ದ. ಪ್ರಶ್ನೆಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದ, ಕಿಟಕಿಯ ಬೆಳಕಿಗೆ ಒಡ್ಡಿದ, ಕೆಳಗಿಟ್ಟ. ಎಲ್ಲರೂ ಬರೆಯುತ್ತಿದ್ದರೂ ಅವನ ಪೆನ್ನು ಅಲುಗಲಿಲ್ಲ. ಕೊನೆಗೆ ಅವನು ಎದ್ದು ನಿಂತ.

"ಸಾರ್, ನನಗೆ ಅಕ್ಷರ ಕಾಣ್ತಿಲ್ಲ. ಯಾರಾದ್ರೂ ಓದಿ ಹೇಳಿದ್ರೆ ಬರೀತೀನಿ."

ಮೇಲ್ವಿಚಾರಕರು ಹತ್ತಿರ ಬಂದರು. "ಯಾವಾಗಿಂದ ಹೀಗೆ?"

"ಹೋದ ವರ್ಷದಿಂದ ಸಾರ್. ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ."

ಕೋಣೆಯಲ್ಲಿದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿದ್ದರು. ಮೇಲ್ವಿಚಾರಕರು ಹೋಗಿ ಪ್ರಿನ್ಸಿಪಾಲರನ್ನು ಕೇಳಿ ಬಂದರು. ಆಮೇಲೆ ಅವನನ್ನು ವರಾಂಡದಲ್ಲಿ ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಓದಿ ಹೇಳಿದರು. ಗಂಟೆ ಬಾರಿಸುವವರೆಗೂ ಅವನು ಸಾಲು ತಪ್ಪದಂತೆ ಎಡಗೈ ಬೆರಳಿಟ್ಟುಕೊಂಡು, ತಲೆಯೆತ್ತದೆ ಬರೆದ.

ಉಳಿದ ಪರೀಕ್ಷೆಗಳನ್ನೂ ಹಾಗೆಯೇ ಬರೆದು ಅವನು ಪಾಸಾದ. ಫಲಿತಾಂಶ ಬಂದ ದಿನ ಅವನನ್ನು ಭದ್ರಾವತಿ ಬಸ್ಸು ಹತ್ತಿಸಲು ನಾನೂ ಹೋದೆ.

"ಮನೇಲಿ ಏನು ಹೇಳ್ತೀಯ?" ಎಂದು ಕೇಳಿದೆ.

"ಮೊದಲು ಪಾಸಾದದ್ದು ಹೇಳ್ತೀನಿ," ಎಂದ. "ಅಮ್ಮ ಸ್ವಲ್ಪ ಹೊತ್ತು ಖುಷಿಯಾಗಿರ್ಲಿ. ಕಣ್ಣಿನ ವಿಷಯ ಊಟ ಆದ್ಮೇಲೆ."