ಕಸ ಹೊಡೆಯದ ಕೋಣೆ

ಬಾಡಿಗೆಗಿದ್ದವರು ಬಿಟ್ಟುಹೋದ ಸಾಮಾನನ್ನು ಏನು ಮಾಡಬೇಕೆಂದು ಓಣಿಯ ಜನ ಈಗಲೂ ನನ್ನನ್ನು ಕೇಳುತ್ತಾರೆ. ಆ ಮಾತೆತ್ತಿದರೇ ನನಗೆ ಆಯಾಸ. ದೆವ್ವ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಹೇಳಿದರೆ ಊಟ ಜಾಸ್ತಿಯಾಗಿರಬೇಕು ಎಂದು ಚಾಷ್ಟಿ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ, ಅಷ್ಟೇ.

ಕಲಬುರಗಿಯ ಮೋಮಿನಪುರದ ಅಂಚಿನಲ್ಲಿ ನಮ್ಮ ಮನೆ. ನಾನು ಶಾಲಾ ಮಾಸ್ತರ. ಮುಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ದಸ್ತಗೀರ್ ಸಾಹೇಬರು ಹೆಂಡತಿಯೊಂದಿಗೆ ಬಾಡಿಗೆಗಿದ್ದರು. ರಜಾಕಾರರ ಕಾಟದ ದಿನಗಳಲ್ಲಿ ನಾವೆಲ್ಲ ಹುಟ್ಟೂರು ಕಮಲಾಪುರಕ್ಕೆ ಓಡಿದ್ದೆವು. ಆಗ ನಮ್ಮ ಮನೆ ಕಾದವರು ಅವರೇ. ತಿರುಗಿ ಬಂದಾಗ ಒಂದು ಚಮಚವೂ ಕಳೆದಿರಲಿಲ್ಲ.

ಪೋಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಈಗ ಓಡುವ ಸರದಿ ಸಾಹೇಬರದಾಯಿತು. ಹಳ್ಳಿಗಳಿಂದ ಬರುತ್ತಿದ್ದ ಕೊಲೆಗಳ ಸುದ್ದಿ ಕೇಳಿ ಅವರ ಹೆಂಡತಿ ಊಟ ಬಿಟ್ಟಿದ್ದರು. ಹೈದರಾಬಾದಿನಲ್ಲಿರುವ ಅಣ್ಣನ ಮನೆಗೆ ಹೋಗೋಣ ಎಂದು ಹಟ ಹಿಡಿದರು. ಹೊರಡುವ ದಿನ ಆಕೆ ನೀರಿನ ಗಡಿಗೆಯನ್ನು ಬರಿದು ಮಾಡಿ ಮೂಲೆಯಲ್ಲಿ ಬೋರಲು ಹಾಕಿದ್ದನ್ನು ನಾನೇ ಕಣ್ಣಾರೆ ಕಂಡೆ. ಸಾಹೇಬರು ಬೀಗ ಹಾಕಿ ಕೀಲಿಕೈ ನನ್ನ ಕೈಯಲ್ಲಿಟ್ಟರು.

“ಸಾಮಾನೆಲ್ಲ ನಿಮ್ಮ ಹತ್ರ ಅಮಾನತ್ ಅದ ರೀ ಮಾಸ್ತರ. ಹದಿನೈದು ದಿನದಾಗ ಬರ್ತೀವಿ,” ಎಂದರು.

ಅಮಾನತ್ ಎಂದರೆ ನಂಬಿ ಇಟ್ಟ ವಸ್ತು. ಬಳಸುವಂತಿಲ್ಲ, ಮಾರುವಂತಿಲ್ಲ. ಅದರ ಮೇಲೆ ನಮ್ಮವ್ವ ಇನ್ನೊಂದು ಗಂಟು ಹಾಕಿದಳು. ಪ್ರಯಾಣ ಹೊರಟವರ ಬೆನ್ನ ಹಿಂದೆ ಕಸ ಹೊಡೆಯಬಾರದು, ಸತ್ತವರ ಹಿಂದೆ ಹೊಡೆದಂತಾಗುತ್ತದೆ ಎಂಬುದು ನಮ್ಮಲ್ಲಿನ ರೂಢಿ. ಅವರು ಊರು ಮುಟ್ಟಿದ ಸುದ್ದಿ ಬರುವ ತನಕ ಆ ಕೋಣೆಗೆ ಕಸಬರಿಗೆ ತಾಗಬಾರದೆಂದಳು.

ಸುದ್ದಿ ಬರಲೇ ಇಲ್ಲ. ಬರೆದ ಕಾರ್ಡುಗಳಿಗೆ ಉತ್ತರವಿಲ್ಲ. ಹೈದರಾಬಾದಿಗೆ ಹೋಗಿ ಬಂದವರನ್ನು ಕೇಳಿ ಕೇಳಿ ಸಾಕಾಯಿತು. ಹದಿನೈದು ದಿನ ಹೋಗಿ ಮೂರು ವರ್ಷವಾಯಿತು. ಕೀಲಿಕೈ ನನ್ನ ಉಡದಾರದಲ್ಲೇ ತೂಗುತ್ತಿತ್ತು. ಖರೆ ಹೇಳುತ್ತೇನೆ, ಕಡೆಕಡೆಗೆ ಅವರ ಮೇಲೆ ಸಿಟ್ಟೇ ಬರುತ್ತಿತ್ತು.

ಅಷ್ಟರಲ್ಲಿ ತಮ್ಮನಿಗೆ ಕಲಬುರಗಿಯಲ್ಲಿ ನೌಕರಿಯಾಯಿತು. ಹೆಂಡತಿ, ಎರಡು ಕೂಸು ಕಟ್ಟಿಕೊಂಡು ಬಂದ. ಅವನಿಗೆ ಕೋಣೆ ಬೇಕಿತ್ತು.

“ಇನ್ನ ಎಷ್ಟು ದಿನ ಕಾಯ್ತಿ ಅಣ್ಣಾ? ಅವರು ಬರಂಗಿಲ್ಲ,” ಎಂದ.

ನನ್ನಲ್ಲಿ ವಾದಿಸುವ ಶಕ್ತಿ ಉಳಿದಿರಲಿಲ್ಲ. ಮಾರುವುದು ಬೇಡ, ಎಲ್ಲವನ್ನೂ ಕಮಲಾಪುರದ ಮನೆಯ ಅಟ್ಟಕ್ಕೆ ಸಾಗಿಸೋಣ ಎಂದೆ. ಅವ್ವ ಮಾತ್ರ ಒಪ್ಪಲಿಲ್ಲ. ಸುದ್ದಿಯಿಲ್ಲದೆ ಕೋಣೆ ಗುಡಿಸಿದರೆ ಅವರನ್ನು ನಾವೇ ಕೊಂದಂತೆ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ನಾನು ಬಂಡಿ ಹೇಳಿಯೇಬಿಟ್ಟೆ.

ಬೇಸಿಗೆಯ ಮಧ್ಯಾಹ್ನ. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದೆ. ನೆಲದ ಮೇಲೆ ಬೆರಳು ಹುಗಿಯುವಷ್ಟು ಧೂಳು. ಹೊಲಿಗೆ ಮುಗಿದು ರಟ್ಟು ಹಚ್ಚದ ಪುಸ್ತಕಗಳು ಇಟ್ಟಲ್ಲೇ ಇದ್ದವು. ಕಿಟಕಿಯ ಅಗಳಿ ಒಳಗಿನಿಂದ ಹಾಕಿತ್ತು. ಧೂಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಮೂಲೆಯಲ್ಲಿ ಗಡಿಗೆ ನೆಟ್ಟಗೆ ಕುಳಿತಿತ್ತು. ಕಂಠದವರೆಗೆ ನೀರು. ಆಗಷ್ಟೇ ತುಂಬಿಟ್ಟಂತೆ ಮೈಯೆಲ್ಲ ತೇವ. ಕೈ ಹಾಕಿದೆ, ತಣ್ಣಗಿತ್ತು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅವ್ವನನ್ನು ಕರೆದೆ.

ಅವಳೇ ತುಂಬಿಸಿದಳೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಮೊಣಕಾಲು ಹಿಡಿದು, ಕುಳಿತಲ್ಲಿಂದ ಏಳಲು ನನ್ನ ಭುಜ ಬೇಡುತ್ತಿದ್ದವಳು ಅವಳು. ಕೀಲಿಕೈ ಸ್ನಾನದಲ್ಲೂ ನನ್ನ ಸೊಂಟ ಬಿಟ್ಟದ್ದಲ್ಲ. ಧೂಳಿನ ಮೇಲಂತೂ ನನ್ನ ಹೆಜ್ಜೆಗಳಷ್ಟೇ ಇದ್ದವು. ಅವಳು ಮೆಲ್ಲಗೆ ಬಂದು ಗಡಿಗೆ ನೋಡಿದಳು, ನೀರಲ್ಲಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಬಹಳ ದಿನದ ಭಾರ ಇಳಿಸಿದವಳಂತೆ ನಿಟ್ಟುಸಿರು ಬಿಟ್ಟಳು.

“ಊರು ಮುಟ್ಯಾರ ತಗೋ. ಮುಟ್ಟಿದವರು ಮೊದಲ ಗಡಿಗಿ ತುಂಬತಾರ. ಇನ್ನ ಕಸ ಹೊಡಿ,” ಎಂದಳು.

ಅದಾಗಿ ಎಷ್ಟೋ ವರ್ಷಗಳಾದವು. ಅವ್ವ ಹೋದಳು, ತಮ್ಮನ ಮಕ್ಕಳಿಗೆ ಮಕ್ಕಳಾದವು. ಸಾಹೇಬರ ಸಾಮಾನು ಕಮಲಾಪುರದ ಅಟ್ಟದಲ್ಲಿ ಹಾಗೇ ಇದೆ. ಕೇಳಿಕೊಂಡು ಯಾರೂ ಬಂದಿಲ್ಲ, ನಾನೂ ಯಾರಿಗೂ ಕೊಟ್ಟಿಲ್ಲ. ಆ ನೀರು ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

ಮುಟ್ಟಿದ್ದು ಯಾವ ಊರನ್ನು ಎಂದು ಅವ್ವನನ್ನು ಆಗಲೇ ಕೇಳಬೇಕಿತ್ತು. ನಾನು ಕಸಬರಿಗೆ ತೆಗೆದುಕೊಂಡೆ.